ಕಾಯಬಹುದಾದ ಕ್ಯಾನ್ಸರ್, ಕಾಯಬಾರದ ಕ್ಯಾನ್ಸರ್

ನಿಮ್ಮ ಮನೆಯಲ್ಲಿ 60 ದಾಟಿದ ಗಂಡಸರಿದ್ದಾರೆಯೇ? ಅವರು ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆಂದು ನಿಮಗೆ ಗೊತ್ತೇ? ಹೆಚ್ಚಿನ ಮನೆಗಳಲ್ಲಿ ಹೆಂಡತಿಗೆ ಗೊತ್ತಿರುತ್ತದೆ, ಆದರೆ ಆಕೆ ಯಾರಿಗೂ ಹೇಳುವುದಿಲ್ಲ. ಮಗನಿಗೆ ಅನುಮಾನ ಬಂದರೂ ತಂದೆಯನ್ನು ಇಂಥ ವಿಷಯ ಕೇಳುವುದು ಹೇಗೆಂದು ಸುಮ್ಮನಿರುತ್ತಾನೆ. ವುಝೂ ಮಾಡಿದ ಮೇಲೂ ಹನಿ ಬೀಳುತ್ತದೆಂಬ ಸಂಕೋಚಕ್ಕೆ ಅಬ್ಬಾ ಜಮಾಅತ್‌ಗೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ನಮಾಝ್ ಮಾಡತೊಡಗಿದರೆ, ಪಾಪ ಮಂಡಿ ನೋವಿರಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ.

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಮಸೀದಿಗಳೂ ಮುಚ್ಚಿದವು. ಅಂಥ ಗಂಡಸರಿಗೆ ಮನೆಯಲ್ಲಿರಲು ನೆಪ ಹುಡುಕುವ ಅಗತ್ಯವೇ ಉಳಿಯಲಿಲ್ಲ. ಆ ವರ್ಷದ ರಮಝಾನ್, ಈದ್ ಎಲ್ಲವೂ ಮನೆಯೊಳಗೇ ಮುಗಿದವು. ಆ ತಿಂಗಳುಗಳಲ್ಲಿ ನಾನು ಫೋನಿನಲ್ಲೇ ಔಷಧ ಹೇಳುತ್ತಿದ್ದೆ. ಅದರಲ್ಲಿ ಒಂದು ತಪ್ಪು ಮಾಡಿದೆ. ಅದನ್ನು ಮುಚ್ಚಿಟ್ಟುಕೊಂಡು ನಿಮಗೆ ಬುದ್ಧಿ ಹೇಳುವುದು ಸರಿಯಲ್ಲ, ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಇಡೀ ಆಯುಷ್ಯ ದುಡಿದ ಚಾಚಾ ಒಬ್ಬರು ಏಪ್ರಿಲ್‌ನಲ್ಲಿ ಫೋನ್ ಮಾಡಿದರು. ವಯಸ್ಸು 67. “ಹಕೀಂ ಸಾಬ್, ಪೇಶಾಬು ಸಲೀಸಾಗಿ ಬರ್ತಿಲ್ಲ, ಸೊಂಟ ಬೇರೆ ಹಿಡ್ಕೊಂಡಿದೆ” ಎಂದರು. ಮೂತ್ರಕ್ಕೆ ಶರ್ಬತ್ ಬಝೂರಿ ಹೇಳಿದೆ, ಸೊಂಟಕ್ಕೆ ಹಚ್ಚಲು ಎಣ್ಣೆ ಹೇಳಿದೆ. ಭಟ್ಟಿಯ ಮುಂದೆ ನಲವತ್ತು ವರ್ಷ ಬಗ್ಗಿ ನಿಂತವರ ಸೊಂಟ ಹಿಡಿಯದೆ ಇನ್ನೇನಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ಮೂತ್ರದ ತೊಂದರೆ ಮತ್ತು ಸೊಂಟ ನೋವು ಒಂದೇ ಕಾಯಿಲೆಯ ಎರಡು ತುದಿಗಳಿರಬಹುದು ಎಂದು ಆ ದಿನ ನನಗೆ ಹೊಳೆಯಲಿಲ್ಲ. ಎದುರಿಗೆ ಕುಳಿತಿದ್ದರೆ ಹೊಳೆಯುತ್ತಿತ್ತೇನೋ. ಮೇ ತಿಂಗಳಲ್ಲಿ ಮತ್ತೆ ಫೋನ್ ಬಂತು, ಸ್ವಲ್ಪ ವಾಸಿ ಎಂದರು. ಜುಲೈಯಲ್ಲಿ ಕಾಲು ಭಾರ ಎಂದರು. ಆಗಸ್ಟ್‌ನಲ್ಲಿ ಮಗ ಬೈಕಿನ ಮೇಲೆ ಕೂರಿಸಿಕೊಂಡು ಕರೆತಂದಾಗ ಪಿಎಸ್‌ಎ ರಕ್ತಪರೀಕ್ಷೆ ಬರೆದುಕೊಟ್ಟೆ. ಸಾಮಾನ್ಯವಾಗಿ 4ರ ಒಳಗಿರಬೇಕಾದ ಆ ಸಂಖ್ಯೆ 412 ಇತ್ತು. ಮೂಳೆ ಸ್ಕ್ಯಾನಿನಲ್ಲಿ ಬೆನ್ನುಮೂಳೆ, ಸೊಂಟದ ಮೂಳೆ ಎರಡರಲ್ಲೂ ಕಲೆಗಳಿದ್ದವು.

ಅದೇ ತಿಂಗಳುಗಳಲ್ಲಿ ಇನ್ನೊಬ್ಬರಿದ್ದರು. ಉರ್ದು ಶಾಲೆಯ ನಿವೃತ್ತ ಮಾಸ್ತರರು, 71 ವರ್ಷ. ಫೆಬ್ರವರಿಯಲ್ಲೇ ಇವರಿಗೆ ಬಯಾಪ್ಸಿ ಆಗಿತ್ತು. ಪಿಎಸ್‌ಎ 6.8, ಗ್ಲೀಸನ್ ಅಂಕ 6. ಏಪ್ರಿಲ್‌ಗೆ ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು, ಲಾಕ್‌ಡೌನ್‌ನಿಂದ ಆಸ್ಪತ್ರೆಯವರು ಮುಂದೂಡಿದರು. ದಮ್ಮಾಮ್‌ನಲ್ಲಿದ್ದ ಮಗ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ. “ಎಷ್ಟು ಖರ್ಚಾದರೂ ಪರವಾಗಿಲ್ಲ, ಬೇರೆ ಖಾಸಗಿ ಆಸ್ಪತ್ರೆ ನೋಡಿ, ಅಬ್ಬಾನ ಕ್ಯಾನ್ಸರ್ ಬೆಳೀತಾ ಇದೆ” ಎಂದು ಅವನ ಗೋಳು. ಊರಿಗೆ ಬರಲು ಅವನಿಗೆ ವಿಮಾನವೂ ಇರಲಿಲ್ಲ. ಈ ಮಾಸ್ತರರು ಇವತ್ತಿಗೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿಲ್ಲ, ರೇಡಿಯೇಷನ್ ತೆಗೆದುಕೊಂಡಿಲ್ಲ. ಕಾಲಕಾಲಕ್ಕೆ ಪರೀಕ್ಷೆ ಮಾಡಿಸುತ್ತಾ, ಐದು ಹೊತ್ತು ಮಸೀದಿಗೆ ನಡೆದುಕೊಂಡೇ ಹೋಗುತ್ತಿದ್ದಾರೆ.

ಒಂದೇ ಹೆಸರಿನ ಕಾಯಿಲೆ. ಆತುರಪಡಬೇಕಿದ್ದ ಮನೆಯವರು ನೆಮ್ಮದಿಯಿಂದಿದ್ದರು, ನೆಮ್ಮದಿಯಿಂದಿರಬಹುದಾಗಿದ್ದ ಮನೆಯವರು ನಿದ್ದೆಗೆಟ್ಟಿದ್ದರು. ಕೊರೋನಾ ಕಾಲದಲ್ಲಿ ಆಸ್ಪತ್ರೆಗಳು “ಸದ್ಯಕ್ಕೆ ಕಾಯಿರಿ” ಎಂಬ ಒಂದೇ ಮಾತನ್ನು ಎಲ್ಲರಿಗೂ ಹೇಳಿದವು. ಯಾರು ಕಾಯಬಹುದು, ಯಾರು ಕಾಯಬಾರದು ಎಂದು ಬಿಡಿಸಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಅಂಥ ದಿನಗಳು ಮತ್ತೆ ಬಂದರೆ, ಅಥವಾ ಬೇರಾವುದೋ ಕಾರಣಕ್ಕೆ ನಿಮ್ಮ ತಂದೆಯ ಚಿಕಿತ್ಸೆ ಮುಂದೆ ಹೋದರೆ, ಈ ವ್ಯತ್ಯಾಸ ನಿಮಗೇ ತಿಳಿದಿರಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ, ಅಕ್ರೋಟು ಗಾತ್ರದ ಗ್ರಂಥಿ. ವಯಸ್ಸಾದಂತೆ ಅದು ಊದಿಕೊಳ್ಳುವುದು ಸಾಮಾನ್ಯ, ಅದು ಕ್ಯಾನ್ಸರ್ ಅಲ್ಲ. ರಾತ್ರಿ ಏಳುವುದು, ಧಾರೆ ಸಣ್ಣಗಾಗುವುದು, ತಡೆದು ತಡೆದು ಬರುವುದು, ಇವು ಬಹುಪಾಲು ಆ ಊತದಿಂದಲೇ ಬರುತ್ತವೆ. ಕ್ಯಾನ್ಸರ್ ಹೆಚ್ಚಾಗಿ ಗ್ರಂಥಿಯ ಹೊರ ಅಂಚಿನಲ್ಲಿ ಹುಟ್ಟುತ್ತದೆ. ಅಲ್ಲಿ ಅದು ಮೂತ್ರನಾಳವನ್ನು ಒತ್ತುವುದಿಲ್ಲ, ಹೀಗಾಗಿ ಮೊದಮೊದಲು ಯಾವ ತೊಂದರೆಯನ್ನೂ ಕೊಡುವುದಿಲ್ಲ. ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಮುಟ್ಟಿ ನೋಡುವುದು ಈ ಕಾರಣಕ್ಕೇ. ನಮ್ಮ ಗಂಡಸರು ಆ ಪರೀಕ್ಷೆಗೆ ಹೆದರಿ ಓಡುತ್ತಾರೆ. ಅರ್ಧ ನಿಮಿಷದ ಮುಜುಗರ, ಅಷ್ಟೇ.

ಪಿಎಸ್‌ಎ ಹೆಚ್ಚಾದ ಮಾತ್ರಕ್ಕೆ ಕ್ಯಾನ್ಸರ್ ಎಂದು ತಿಳಿಯಬೇಡಿ. ಮೂತ್ರದ ಸೋಂಕಿನಲ್ಲಿ, ಕೊಳವೆ ಹಾಕಿದ ಮೇಲೆ, ಬರೀ ಊತದಲ್ಲೂ ಅದು ಏರುತ್ತದೆ. ನಿರ್ಣಯ ಆಗುವುದು ಬಯಾಪ್ಸಿಯಿಂದ, ಅಂದರೆ ಗ್ರಂಥಿಯ ಚೂರುಗಳನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದರಿಂದ. ಆ ವರದಿಯಲ್ಲಿ ಗ್ಲೀಸನ್ ಅಂಕ ಎಂದು ಬರೆದಿರುತ್ತಾರೆ. ಇಲ್ಲೇ ನಮ್ಮವರು ಎಡವುವುದು. “ಹತ್ತಕ್ಕೆ ಆರಂತೆ, ಅರ್ಧಕ್ಕಿಂತ ಹೆಚ್ಚು ಕೆಟ್ಟಿದೆ” ಎಂದು ಮಾಸ್ತರರ ಮಗ ಅತ್ತಿದ್ದ. ಪರೀಕ್ಷೆಯ ಅಂಕದಂತೆ ಇದನ್ನು ಓದಬಾರದು. ಇಂದಿನ ಬಯಾಪ್ಸಿ ವರದಿಗಳಲ್ಲಿ ಕ್ಯಾನ್ಸರಿನ ಅಂಕ ಶುರುವಾಗುವುದೇ 6ರಿಂದ. 6 ಎಂದರೆ ಎಲ್ಲಕ್ಕಿಂತ ಸೌಮ್ಯವಾದದ್ದು. 7 ನಡುವಿನದು. 8, 9, 10 ಜೋರಿನವು. ಈಗ 1ರಿಂದ 5ರವರೆಗಿನ ಗ್ರೇಡ್ ಗುಂಪು ಎಂದೂ ಬರೆಯುತ್ತಾರೆ. ಅದರಲ್ಲಿ 1 ಎಂದರೆ ಆ 6.

ಈ ಅಂಕ, ಪಿಎಸ್‌ಎ ಮತ್ತು ಗಡ್ಡೆ ಗ್ರಂಥಿಯ ಒಳಗಿದೆಯೇ ಹೊರಗೆ ಚಾಚಿದೆಯೇ ಎಂಬುದು, ಈ ಮೂರೂ ಸೇರಿದರೆ ಕಾಯಬಹುದೋ ಇಲ್ಲವೋ ಎಂಬ ಉತ್ತರ ಸಿಗುತ್ತದೆ. ಗ್ಲೀಸನ್ 6, ಪಿಎಸ್‌ಎ 10ಕ್ಕಿಂತ ಕಡಿಮೆ, ಗಡ್ಡೆ ಚಿಕ್ಕದು ಎಂದಾದರೆ ಕೊರೋನಾ ಇಲ್ಲದ ಕಾಲದಲ್ಲೂ ಚಿಕಿತ್ಸೆ ಕೊಡದೆ ನಿಗಾ ಇಡುವುದೇ ಒಂದು ಒಪ್ಪಿತ ದಾರಿ. ಬ್ರಿಟನ್ನಿನಲ್ಲಿ ‘ಪ್ರೊಟೆಕ್ಟ್’ ಎಂಬ ಅಧ್ಯಯನ ನಡೆಯಿತು. ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ಗಂಡಸರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ರೇಡಿಯೇಷನ್, ಒಂದಕ್ಕೆ ಬರೀ ನಿಗಾ ಕೊಟ್ಟರು. 15 ವರ್ಷಗಳ ಫಲಿತಾಂಶ 2023ರಲ್ಲಿ ಬಂತು. ಯಾವ ಗುಂಪಿನಲ್ಲೂ ನೂರಕ್ಕೆ ಸುಮಾರು 97 ಮಂದಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತಿರಲಿಲ್ಲ. ಆದರೆ ಪೂರ್ತಿ ಲೆಕ್ಕ ಹೇಳಬೇಕು. ಕಾಯಿಲೆ ದೇಹದ ಬೇರೆ ಕಡೆಗೆ ಹರಡಿದ್ದು ನಿಗಾದ ಗುಂಪಿನಲ್ಲಿ ನೂರಕ್ಕೆ 9ರಷ್ಟು, ಉಳಿದೆರಡರಲ್ಲಿ 5ರಷ್ಟು. ನಿಗಾ ಎಂದರೆ ಫೈಲನ್ನು ಟ್ರಂಕಿನಲ್ಲಿಟ್ಟು ಮರೆಯುವುದಲ್ಲ. ಮಾಸ್ತರರಿಗೆ ನಾನು ಕಾಯಿರಿ ಎಂದೆ, ಜೊತೆಗೆ ಅವರ ಯೂರಾಲಜಿಸ್ಟರ ಜೊತೆ ಮಾತಾಡಿ, ಪಿಎಸ್‌ಎ ಮಾಡಿಸುವ ತಾರೀಕುಗಳನ್ನು ಅವರ ಮನೆಯ ನಮಾಝ್ ವೇಳಾಪಟ್ಟಿಯ ಕ್ಯಾಲೆಂಡರಿನ ಮೇಲೇ ಬರೆಸಿದೆ.

ಅಂಕ 8 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಪಿಎಸ್‌ಎ 20 ದಾಟಿದ್ದರೆ, ಗಡ್ಡೆ ಗ್ರಂಥಿಯ ಹೊರಗೆ ಚಾಚಿದ್ದರೆ ಸುಮ್ಮನೆ ಕಾಯುವಂತಿಲ್ಲ. ಆದರೆ ಅಲ್ಲಿಯೂ ಕೊರೋನಾ ಕಾಲದಲ್ಲಿ ಒಂದು ನಡುವಿನ ದಾರಿ ಇತ್ತು. ಹಾರ್ಮೋನ್ ಚಿಕಿತ್ಸೆ ಆರಂಭಿಸಿ ಕೆಲವು ತಿಂಗಳು ಕಳೆದ ಮೇಲೆ ರೇಡಿಯೇಷನ್ ಕೊಡಬಹುದಾಗಿತ್ತು. ಅನೇಕ ದೇಶಗಳ ವೈದ್ಯರು ಹಾಗೇ ಮಾಡಿದರು. ಮೂಳೆಗೆ ಹರಡಿದವರಿಗೆ ಮಾತ್ರ ಹಾರ್ಮೋನ್ ಚಿಕಿತ್ಸೆಯನ್ನು ಕೂಡಲೇ ಶುರುಮಾಡಬೇಕು. ಇನ್ನೂ ಒಂದು ಸ್ಥಿತಿ ಇದೆ. ಬೆನ್ನುನೋವಿನ ಜೊತೆಗೆ ಕಾಲುಗಳ ಬಲ ಕುಗ್ಗುವುದು, ಜೋಮು ಹಿಡಿಯುವುದು, ಮಲಮೂತ್ರದ ಹಿಡಿತ ತಪ್ಪುವುದು. ಬೆನ್ನುಹುರಿಯ ಮೇಲೆ ಗಡ್ಡೆ ಒತ್ತುತ್ತಿದೆ ಎಂಬುದರ ಲಕ್ಷಣ ಇದು. ಆಗ ಕರ್ಫ್ಯೂ ಇರಲಿ, ಪೊಲೀಸ್ ಬ್ಯಾರಿಕೇಡ್ ಇರಲಿ, ಆಂಬ್ಯುಲೆನ್ಸ್ ಕರೆಸಿ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಒಂದೆರಡು ದಿನ ತಡವಾದರೆ ಕಾಲುಗಳು ಮತ್ತೆ ಬರುವುದಿಲ್ಲ. ಚಾಚಾ ಜುಲೈಯಲ್ಲಿ “ಕಾಲು ಭಾರ” ಎಂದಾಗ ನಾನು ಇಷ್ಟನ್ನಾದರೂ ಹೇಳಬೇಕಿತ್ತು. ಅಲ್ಲಾಹನ ಕರುಣೆ, ಅವರ ಕಾಲುಗಳು ಉಳಿದವು.

ಇನ್ನು ಚಿಕಿತ್ಸೆಗಳ ವಿಷಯ. ಶಸ್ತ್ರಚಿಕಿತ್ಸೆಯನ್ನು ಮುಂದೂಡಿದ್ದಕ್ಕೆ ಆಸ್ಪತ್ರೆಗಳ ಮೇಲೆ ಆಗ ಬಹಳ ಜನ ಸಿಟ್ಟಾದರು. ಅದರಲ್ಲಿ ನ್ಯಾಯವಿತ್ತು. 2020ರಲ್ಲಿ 24 ದೇಶಗಳ 1,128 ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ಯಾವುದೋ ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಕೊರೋನಾ ತಗುಲಿದವರು ಇವರು. ಅವರಲ್ಲಿ ನೂರಕ್ಕೆ ಸುಮಾರು 24 ಮಂದಿ ಒಂದು ತಿಂಗಳೊಳಗೆ ತೀರಿಕೊಂಡಿದ್ದರು. ಹತ್ತು ವರ್ಷಕ್ಕೂ ಕೊಲ್ಲದ ಗಡ್ಡೆಯನ್ನು ತೆಗೆಯಲು ಹೋಗಿ ಹತ್ತು ದಿನದಲ್ಲಿ ಕೊಲ್ಲುವ ಸೋಂಕು ತಂದುಕೊಳ್ಳುವುದು ಯಾವ ಜಾಣತನ? ಮುಂದೆ ಬಂದ ಇನ್ನೊಂದು ದೊಡ್ಡ ಅಧ್ಯಯನದಿಂದ, ಕೊರೋನಾ ಬಂದು ಹೋದವರು ಸಾಧ್ಯವಾದರೆ 7 ವಾರ ಬಿಟ್ಟು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಕ್ಷೇಮ ಎಂದು ತಿಳಿಯಿತು.

ರೇಡಿಯೇಷನ್ ಎಂದರೆ ನಮ್ಮ ಕಡೆಯವರಿಗೆ ದಾವಣಗೆರೆ ಬಿಟ್ಟು ಬೆಂಗಳೂರಿನಲ್ಲಿ ಎರಡು ತಿಂಗಳು ಕೋಣೆ ಹಿಡಿಯುವುದು ಎಂಬ ಭಯ. 260 ಕಿಲೋಮೀಟರ್ ದೂರ, ಅಲ್ಲಿ ಊಟ, ಬಾಡಿಗೆ, ಜೊತೆಗಿರುವ ಮಗನ ಕೂಲಿ ನಷ್ಟ. ಮೊದಲು ವಾರಕ್ಕೆ ಐದರಂತೆ 37 ಸಲ ಕೊಡುತ್ತಿದ್ದುದು ನಿಜ. ಬ್ರಿಟನ್ನಿನದೇ ‘ಚಿಪ್’ ಎಂಬ ಅಧ್ಯಯನದಲ್ಲಿ ಪ್ರತಿ ಸಲದ ಪ್ರಮಾಣ ಹೆಚ್ಚಿಸಿ 20 ಸಲಕ್ಕೆ, ಅಂದರೆ 4 ವಾರಕ್ಕೆ ಮುಗಿಸಿದರೂ ಫಲಿತಾಂಶ ಕಡಿಮೆಯಾಗಲಿಲ್ಲ. ಇದು ಪ್ರಕಟವಾದದ್ದು 2016ರಲ್ಲಿ. ಕೊರೋನಾ ಬಂದ ಮೇಲೆ, ಸೂಕ್ತ ಯಂತ್ರ ಇರುವ ಕಡೆಗಳಲ್ಲಿ ಆಯ್ದ ರೋಗಿಗಳಿಗೆ 5 ಸಲದಲ್ಲೇ ಮುಗಿಸಿರೆಂಬ ಸಲಹೆಯೂ ಬಂತು. “ಒಟ್ಟು ಎಷ್ಟು ಸಲ ಬರಬೇಕು, ಕಡಿಮೆ ಸಲದಲ್ಲಿ ಮುಗಿಸುವ ಕ್ರಮ ನಮ್ಮ ತಂದೆಗೆ ಆಗುತ್ತದೆಯೇ” ಎಂಬ ಪ್ರಶ್ನೆಯನ್ನು ನೀವೇ ಕೇಳಬೇಕು. ಕೇಳಿದರೆ ವೈದ್ಯರು ಬೇಸರಪಡುತ್ತಾರೆ ಎಂಬುದು ನಮ್ಮ ಕಲ್ಪನೆ.

ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ಸಮುದಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಇಲ್ಲೇ. ಪ್ರಾಸ್ಟೇಟ್ ಕ್ಯಾನ್ಸರಿಗೆ ಗಂಡಸಿನ ಹಾರ್ಮೋನೇ ಗೊಬ್ಬರ. ಅದನ್ನು ನಿಲ್ಲಿಸಿದರೆ ಕಾಯಿಲೆ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯ 1941ರಲ್ಲಿ ತೋರಿಸಿಕೊಟ್ಟ, 1966ರಲ್ಲಿ ನೊಬೆಲ್ ಪಡೆದ. ನಿಲ್ಲಿಸಲು ಎರಡು ದಾರಿ. ಒಂದು, ತಿಂಗಳಿಗೋ ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಚುಚ್ಚುಮದ್ದು. ಇನ್ನೊಂದು, ವೃಷಣಗಳನ್ನು ತೆಗೆಯುವ ಚಿಕ್ಕ ಶಸ್ತ್ರಚಿಕಿತ್ಸೆ. ಸೊಂಟಕ್ಕೆ ಕೊಡುವ ಅಥವಾ ಆ ಜಾಗಕ್ಕಷ್ಟೇ ಕೊಡುವ ಅರಿವಳಿಕೆಯಲ್ಲಿ ಮುಗಿಯುತ್ತದೆ. ಬಹಳ ಜನ ಅದೇ ದಿನ ಅಥವಾ ಮರುದಿನ ಮನೆಗೆ ಬರುತ್ತಾರೆ. ಮತ್ತೆ ಚುಚ್ಚುಮದ್ದಿನ ಚಿಂತೆ ಇಲ್ಲ.

ಲಾಕ್‌ಡೌನ್‌ನಲ್ಲಿ ಬಸ್ಸಿಲ್ಲದೆ ಚುಚ್ಚುಮದ್ದು ತಪ್ಪಿಸಿಕೊಂಡವರನ್ನು ನಾನು ನೋಡಿದ್ದೇನೆ. ತಿಂಗಳ ಚುಚ್ಚುಮದ್ದು ತಪ್ಪಿದರೆ ಹಾರ್ಮೋನ್ ಮತ್ತೆ ಏರುತ್ತದೆ, ಕಾಯಿಲೆಯೂ ತಲೆ ಎತ್ತುತ್ತದೆ. ಅವರಿಗೆ ಆರು ತಿಂಗಳದ್ದನ್ನು ಕೊಡಿಸಬಹುದಿತ್ತು. ಅಥವಾ ದೊಡ್ಡ ಆಸ್ಪತ್ರೆಯ ಚೀಟಿ ತೋರಿಸಿ ಇಲ್ಲೇ ನಮ್ಮೂರಿನ ಎಂಬಿಬಿಎಸ್ ಡಾಕ್ಟರ ಕೈಯಲ್ಲಿ ಹಾಕಿಸಬಹುದಿತ್ತು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮೂಳೆಗೆ ಹರಡಿದವರಿಗೆ ಇನ್ನೊಂದು ಎಚ್ಚರಿಕೆ. ಹೆಚ್ಚು ಬಳಕೆಯಲ್ಲಿರುವ ಈ ಚುಚ್ಚುಮದ್ದುಗಳಲ್ಲಿ ಮೊದಲ ಒಂದೆರಡು ವಾರ ಹಾರ್ಮೋನ್ ಇಳಿಯುವ ಬದಲು ಏರುತ್ತದೆ. ಅದನ್ನು ತಡೆಯಲು ಮಾತ್ರೆ ಕೊಡುತ್ತಾರೆ. ಆ ಮಾತ್ರೆಯನ್ನು “ಇದು ಸಣ್ಣ ಗುಳಿಗೆ, ಬಿಡು” ಎಂದು ಬಿಡಬೇಡಿ.

ಚಾಚಾನಿಗೆ ಯೂರಾಲಜಿಸ್ಟರು ಶಸ್ತ್ರಚಿಕಿತ್ಸೆಯನ್ನೇ ಸೂಚಿಸಿದರು. ಮನೆಯಲ್ಲಿ ಬಿರುಗಾಳಿ ಎದ್ದಿತು. “ಖಸ್ಸಿ ಮಾಡಿಸ್ತೀರಾ ನನ್ನಣ್ಣನ್ನ?” ಎಂದು ಅವರ ತಮ್ಮ ನನ್ನ ದವಾಖಾನೆಗೇ ಬಂದು ಕೂಗಾಡಿದರು. ಹರಾಂ ಎಂದರು. ಚಾಚಾ ಮಾತಾಡದೆ ಗೋಡೆ ನೋಡುತ್ತಾ ಕುಳಿತಿದ್ದರು. ಆರೋಗ್ಯವಂತ ಗಂಡಸನ್ನು ಹಾಗೆ ಮಾಡುವುದು ನಮ್ಮ ಧರ್ಮದಲ್ಲಿ ನಿಷಿದ್ಧ, ಅದರಲ್ಲಿ ಎರಡು ಮಾತಿಲ್ಲ. ಇದು ಚಿಕಿತ್ಸೆ. ಆದರೂ ನಾನು ಮುಫ್ತಿಯಲ್ಲ, ಹಕೀಮ. ಆದ್ದರಿಂದ ಅವರಿಬ್ಬರನ್ನೂ, ಮಗನನ್ನೂ ಕರೆದುಕೊಂಡು ಊರಿನ ಒಬ್ಬ ಹಿರಿಯ ಆಲಿಮರ ಬಳಿಗೆ ಹೋದೆ, ಫೈಲು ಸಮೇತ. ಅವರು ಕೇಳಿದ್ದು ಮೂರೇ ಪ್ರಶ್ನೆ. ಕಾಯಿಲೆ ಖಚಿತವೇ? ಬಿಟ್ಟರೆ ಪ್ರಾಣಕ್ಕೆ ಅಪಾಯವೇ? ಬಲ್ಲ ವೈದ್ಯರು ಇದನ್ನೇ ಹೇಳುತ್ತಾರೆಯೇ? ಮೂರಕ್ಕೂ ಹೌದು ಎಂದ ಮೇಲೆ, ಇದು ಝರೂರತ್‌ನ ವಿಷಯ, ಮನಸ್ಸಿನಲ್ಲಿ ಅಳುಕು ಇಟ್ಟುಕೊಳ್ಳಬೇಡಿ ಎಂದು ಚಾಚಾನ ಕೈ ಹಿಡಿದು ಹೇಳಿದರು. ನಿಮ್ಮ ಮನೆಯಲ್ಲಿ ಇಂಥ ಸಂದರ್ಭ ಬಂದರೆ ನೀವೂ ಆಲಿಮರನ್ನು ಕೇಳಿ. ಆದರೆ ಫೈಲಿಲ್ಲದೆ, ಅರ್ಧಂಬರ್ಧ ವಿಷಯ ಹೇಳಿ ಕೇಳಬೇಡಿ. ಅರ್ಧ ಪ್ರಶ್ನೆಗೆ ಅರ್ಧ ಉತ್ತರವೇ ಸಿಗುತ್ತದೆ.

ಇನ್ನೊಂದು ಮಾತು ಬಿಚ್ಚಿ ಹೇಳಬೇಕು. ಚುಚ್ಚುಮದ್ದು ಇರುವವರೆಗೆ ಅದೂ ದೇಹಕ್ಕೆ ಮಾಡುವುದು ಅದನ್ನೇ. ಬೆವರು ಬಿಸಿ, ಸುಸ್ತು, ಮೂಳೆ ಟೊಳ್ಳಾಗುವುದು, ಸಕ್ಕರೆ ಏರುವುದು, ದಾಂಪತ್ಯದ ಆಸೆ ಹೋಗುವುದು, ಎರಡರಲ್ಲೂ ಇವೆ. ಶಸ್ತ್ರಚಿಕಿತ್ಸೆಯಲ್ಲಿ ಹೊರಚೀಲವನ್ನೂ ವೃಷಣದ ಹೊದಿಕೆಯನ್ನೂ ಉಳಿಸಿ ಒಳಗಿನದನ್ನಷ್ಟೇ ತೆಗೆಯುವ ಕ್ರಮವೂ ಇದೆ, ನೋಡಲು ಬರಿದಾಗಿ ಕಾಣುವುದಿಲ್ಲ. ಹಾಗಿರುವಾಗ ಸೂಜಿಯಾದರೆ ಗಂಡಸುತನ ಉಳಿಯಿತು, ಕತ್ತರಿಯಾದರೆ ಹೋಯಿತು ಎಂಬುದು ಕಣ್ಣಿನ ಸಮಾಧಾನವಷ್ಟೇ. ನಿಜವಾಗಿ ತೂಗಬೇಕಾದದ್ದು ಬೇರೆ. ಚುಚ್ಚುಮದ್ದನ್ನು ನಿಲ್ಲಿಸಬಹುದು, ಶಸ್ತ್ರಚಿಕಿತ್ಸೆಯನ್ನು ಹಿಂತಿರುಗಿಸಲಾಗದು. ರೇಡಿಯೇಷನ್ ಜೊತೆಗೆ ಕೆಲಕಾಲ ಮಾತ್ರ ಹಾರ್ಮೋನ್ ಬೇಕಾದವರಿಗೆ ಚುಚ್ಚುಮದ್ದೇ ಸರಿ. ಮೂಳೆಗೆ ಹರಡಿ ಜೀವನಪೂರ್ತಿ ಬೇಕಾದವರಿಗೆ, ಆಸ್ಪತ್ರೆ ದೂರ, ಕೈಯಲ್ಲಿ ಕಾಸಿಲ್ಲ, ನಾಳೆ ಬಸ್ಸು ಇರುತ್ತದೋ ಇಲ್ಲವೋ ಗೊತ್ತಿಲ್ಲ ಎನ್ನುವವರಿಗೆ ಶಸ್ತ್ರಚಿಕಿತ್ಸೆಯೇ ವಾಸಿ ಎಂದು ನಾನು ನಂಬುತ್ತೇನೆ. ಯಾವುದನ್ನೇ ಆರಿಸಿ, ಹೆಂಡತಿಗೆ ಮೊದಲೇ ತಿಳಿಸಿ ಹೇಳಿ. ಗಂಡ ಯಾಕೆ ಇದ್ದಕ್ಕಿದ್ದಂತೆ ಸಿಡುಕುತ್ತಾನೆ, ಮುಖ ತಿರುಗಿಸುತ್ತಾನೆ ಎಂದು ತಿಳಿಯದೆ ಆ ತಾಯಂದಿರು ಒಳಗೊಳಗೇ ಅಳುತ್ತಾರೆ.

ಶಸ್ತ್ರಚಿಕಿತ್ಸೆಯಿಂದ ಪ್ರಾಸ್ಟೇಟನ್ನೇ ತೆಗೆದರೆ ಕೆಲವರಿಗೆ ಮೂತ್ರ ಸೋರುತ್ತದೆ. ಎಷ್ಟೋ ಮಂದಿಗೆ ತಿಂಗಳುಗಳಲ್ಲಿ, ಶ್ರೋಣಿ ತಳದ ಸ್ನಾಯುಗಳ ವ್ಯಾಯಾಮದಿಂದ ಕಡಿಮೆಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ. ನಮಾಝ್ ಹೋಗುತ್ತದೆಂಬ ಭಯದಿಂದ ಚಿಕಿತ್ಸೆಯನ್ನೇ ಬೇಡವೆಂದವರಿದ್ದಾರೆ. ಉಝ್ರ್ ಇರುವವನಿಗೆ ಶರೀಅತ್ ರಿಯಾಯಿತಿ ಕೊಟ್ಟಿದೆ, ಪ್ರತಿ ಹೊತ್ತಿಗೆ ಹೊಸ ವುಝೂ ಮಾಡಿ ನಮಾಝ್ ಮಾಡಬಹುದು. ವಿವರವನ್ನು ನಿಮ್ಮ ಇಮಾಮರಲ್ಲಿ ಕೇಳಿ. ರಮಝಾನ್‌ನಲ್ಲಿ ಮಾತ್ರೆ ಬಿಡುವವರದ್ದೂ ಇದೇ ಕತೆ. ಅಬಿರಾಟೆರೋನ್ ಮಾತ್ರೆಯನ್ನು ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು, ಜೊತೆಗೆ ಸ್ಟೆರಾಯ್ಡ್ ಮಾತ್ರೆಯೂ ಇರುತ್ತದೆ. ಸಹರಿ, ಇಫ್ತಾರ್ ನಡುವೆ ಹೊತ್ತು ಹೇಗೆ ಹೊಂದಿಸಬೇಕು, ಉಪವಾಸ ಹಿಡಿಯಬಹುದೇ ಎಂದು ರಮಝಾನ್ ಬರುವ ಮೊದಲೇ ಡಾಕ್ಟರನ್ನು ಕೇಳಬೇಕು. ಆ ಸ್ಟೆರಾಯ್ಡನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸುವುದು ಅಪಾಯ.

2020ರಲ್ಲಿ ಒಂದು ವಾಟ್ಸಾಪ್ ಸುದ್ದಿ ಓಡಾಡಿತು, ಪ್ರಾಸ್ಟೇಟ್ ಚುಚ್ಚುಮದ್ದು ತೆಗೆದುಕೊಂಡವರಿಗೆ ಕೊರೋನಾ ಬರುವುದಿಲ್ಲವಂತೆ ಎಂದು. ಪೂರ್ತಿ ಕಟ್ಟುಕತೆಯಲ್ಲ. ಇಟಲಿಯ ವೆನೆಟೊ ಪ್ರಾಂತದ ವೈದ್ಯರು ಅಂಥ ರೋಗಿಗಳಲ್ಲಿ ಸೋಂಕು ಕಡಿಮೆ ಕಂಡಿತೆಂದು ಬರೆದಿದ್ದರು. ಮುಂದೆ ಅಮೆರಿಕದಲ್ಲಿ ಆಸ್ಪತ್ರೆ ಸೇರಿದ ಕೊರೋನಾ ರೋಗಿಗಳಿಗೆ ಆ ಚುಚ್ಚುಮದ್ದನ್ನೇ ಕೊಟ್ಟು ನೋಡಿದಾಗ ಪ್ರಯೋಜನವಾಗಲಿಲ್ಲ. ಈ ಸುದ್ದಿ ನಂಬಿ ಮಾಸ್ಕ್ ಬಿಟ್ಟವರನ್ನು ಕಂಡಿದ್ದೇನೆ. ಲಸಿಕೆ ಬಂದ ಮೇಲೂ ಕ್ಯಾನ್ಸರ್ ಇದೆ ಎಂಬ ಕಾರಣಕ್ಕೇ ಹಾಕಿಸಿಕೊಳ್ಳದವರಿದ್ದರು. ಆದರೆ 2021ರ ಮಾರ್ಚ್‌ನಲ್ಲಿ 45 ದಾಟಿದ ಕ್ಯಾನ್ಸರ್ ರೋಗಿಗಳನ್ನು ಸರ್ಕಾರ ಆದ್ಯತೆಯ ಸರದಿಯಲ್ಲೇ ಸೇರಿಸಿತ್ತು.

ನಮ್ಮ ವೈದ್ಯಪದ್ಧತಿಯ ಬಗ್ಗೆಯೂ ಹೇಳಿಬಿಡುತ್ತೇನೆ. “ಯುನಾನಿಯಲ್ಲಿ ಇದಕ್ಕೆ ಒಂದು ಮಾಜೂನ್ ಇಲ್ಲವೇ, ಕೊರೋನಾ ಮುಗಿಯುವವರೆಗೆ?” ಎಂದು ಆ ದಿನಗಳಲ್ಲಿ ಕೇಳದವರಿಲ್ಲ. ಜೋಶಾಂದಾ ಕುದಿಸಿ ಕುಡಿದು ನೆಗಡಿ ಹಗುರ ಮಾಡಿಕೊಂಡವರಿಗೆ ಇದೂ ಸಾಧ್ಯ ಎನಿಸುವುದು ಸಹಜ. ಕ್ಯಾನ್ಸರನ್ನು ನಮ್ಮ ಗ್ರಂಥಗಳು ಸರ್ತಾನ್ ಎನ್ನುತ್ತವೆ. ಚಿಕ್ಕದಿರುವಾಗಲೇ ಬೇರುಸಹಿತ ಕತ್ತರಿಸಿ ತೆಗೆಯಬೇಕೆಂಬುದು ಸಾವಿರ ವರ್ಷ ಹಿಂದಿನ ಇಬ್ನ್ ಸೀನಾ ಅವರ ಸಲಹೆ. ಕಾರ್ಡೋಬಾದ ಮಹಾ ಶಸ್ತ್ರವೈದ್ಯ ಅಝ್ಝಹ್ರಾವಿಯವರಂತೂ, ಬೆಳೆದು ದೊಡ್ಡದಾದ ಸರ್ತಾನನ್ನು ತಾವೂ ಗುಣಪಡಿಸಿಲ್ಲ, ಗುಣಪಡಿಸಿದವರನ್ನು ಕಂಡೂ ಇಲ್ಲ ಎಂದು ನೇರವಾಗಿ ಬರೆದಿಟ್ಟಿದ್ದಾರೆ. ಅವರು ತೋರಿಸಿದ ಪ್ರಾಮಾಣಿಕತೆ ಇಂದು ಗೋಡೆಯ ಮೇಲೆ ಜಾಹೀರಾತು ಬರೆಸುವ ಕೆಲವು ಹಕೀಮರಿಗಿಲ್ಲ. ಅಮೆರಿಕದಲ್ಲಿ ‘ಪಿಸಿ-ಸ್ಪೆಸ್’ ಎಂಬ ಗಿಡಮೂಲಿಕೆ ಗುಳಿಗೆ ಪ್ರಾಸ್ಟೇಟ್ ಕ್ಯಾನ್ಸರಿಗೆ ಭಾರೀ ಹೆಸರು ಮಾಡಿತ್ತು, ಪಿಎಸ್‌ಎ ನಿಜವಾಗಿಯೂ ಇಳಿಯುತ್ತಿತ್ತು. ಪರೀಕ್ಷಿಸಿದರೆ ಅದರೊಳಗೆ ಕೃತಕ ಹೆಣ್ಣು ಹಾರ್ಮೋನ್, ರಕ್ತ ತೆಳುಮಾಡುವ ಔಷಧ ಬೆರೆತಿದ್ದವು. 2002ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದರು. ಮಲಬದ್ಧತೆಗೆ, ನಿದ್ದೆಗೆ, ಹಸಿವಿಗೆ ನಾನು ಔಷಧ ಕೊಡುತ್ತೇನೆ, ಅದನ್ನೂ ರೋಗಿಯ ಕ್ಯಾನ್ಸರ್ ವೈದ್ಯರಿಗೆ ತಿಳಿಸಿಯೇ ಕೊಡುತ್ತೇನೆ. ಗಡ್ಡೆಗೆ ಕೊಡುವುದಿಲ್ಲ. ಕೊಡುತ್ತೇನೆ ಎನ್ನುವವರ ಬಳಿ ನಿಮ್ಮ ತಂದೆಯನ್ನು ಕರೆದೊಯ್ಯಬೇಡಿ, ಅವರ ಗಡ್ಡ ಎಷ್ಟೇ ಉದ್ದವಿರಲಿ.

ಹಝ್ರತ್ ಉಮರ್(ರ) ಅವರು ಸಿರಿಯಾಕ್ಕೆ ಹೊರಟಾಗ ಅಲ್ಲಿ ಪ್ಲೇಗ್ ಹಬ್ಬಿದೆ ಎಂಬ ಸುದ್ದಿ ದಾರಿಯ ಸರ್ಗ್ ಎಂಬಲ್ಲಿ ಸಿಕ್ಕಿದ್ದು ನಿಮಗೆಲ್ಲ ಗೊತ್ತು. ಕೊರೋನಾ ಕಾಲದಲ್ಲಿ ಆ ಘಟನೆಯನ್ನು ಎಷ್ಟು ಸಲ ಕೇಳಿದೆವೋ. ಅದರಲ್ಲಿ ಒಂದು ಅಂಶವನ್ನು ಮಾತ್ರ ಯಾರೂ ಒತ್ತಿ ಹೇಳಲಿಲ್ಲ. ಅವರು ಮೊದಲು ಮುಹಾಜಿರರನ್ನು ಕರೆದು ಕೇಳಿದರು, ಅಭಿಪ್ರಾಯ ಎರಡಾಯಿತು. ಅನ್ಸಾರರನ್ನು ಕೇಳಿದರು, ಮತ್ತೆ ಎರಡಾಯಿತು. ಕೊನೆಗೆ ಕುರೈಶರ ಅನುಭವಿ ಹಿರಿಯರನ್ನು ಕೇಳಿದರು, ಅವರೆಲ್ಲ ಒಂದೇ ಮಾತು ಹೇಳಿದರು. ಆಮೇಲೆ ಹಿಂತಿರುಗುವ ತೀರ್ಮಾನ ಮಾಡಿದರು. ಖಲೀಫರೇ ಮೂರು ಕಡೆ ಕೇಳಿದರು, ನಾವೋ ಮೊದಲ ಡಾಕ್ಟರ್ ಹೇಳಿದ್ದಕ್ಕೆ ಅಂದೇ ಸಹಿ ಹಾಕುತ್ತೇವೆ, ಇಲ್ಲವೇ ಯಾರನ್ನೂ ಕೇಳದೆ ಮನೆಯಲ್ಲಿ ಕೂರುತ್ತೇವೆ. ಶಸ್ತ್ರವೈದ್ಯರು ಹೆಚ್ಚಾಗಿ ಶಸ್ತ್ರಚಿಕಿತ್ಸೆಯನ್ನು, ರೇಡಿಯೇಷನ್ ವೈದ್ಯರು ರೇಡಿಯೇಷನ್ನನ್ನು ಮೆಚ್ಚುವುದು ಮನುಷ್ಯ ಸ್ವಭಾವ. ಇಬ್ಬರನ್ನೂ ಕೇಳಿ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇಬ್ಬರೂ ಸಿಗುತ್ತಾರೆ. ಅಂದ ಹಾಗೆ ಆ ಹೆಸರು ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಮಂತ್ರಿ ರಫಿ ಅಹ್ಮದ್ ಕಿದ್ವಾಯಿಯವರದು. ರೇಷನ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ ಎಂಬುದನ್ನೂ ಅಲ್ಲೇ ವಿಚಾರಿಸಿ.

ಮತ್ತು ತಂದೆಗೆ ಹೇಳಿ. ಮಕ್ಕಳೆಲ್ಲ ಸೇರಿ, “ಅಬ್ಬಾಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಹಕೀಂ ಸಾಬ್” ಎಂದು ಬಾಗಿಲ ಹೊರಗೆ ಪಿಸುಗುಟ್ಟುವುದು ಪ್ರೀತಿಯಿಂದಲೇ. ಆದರೆ ದೇಹ ಅವರದು. ಚಾಚಾನಿಗೂ ಮನೆಯವರು ಹೇಳಿರಲಿಲ್ಲ. ಆಲಿಮರ ಮನೆಯಲ್ಲಿ ಫೈಲು ತೆರೆದಾಗಲೇ ಅವರು ಪೂರ್ತಿ ಕೇಳಿಸಿಕೊಂಡದ್ದು. “ಇಷ್ಟೇನಾ? ನನ್ನನ್ನ ಮೊದಲೇ ಕೇಳಿದ್ರೆ ಹೂಂ ಅಂತಿದ್ನಲ್ಲ” ಎಂದರು. ಸೆಪ್ಟೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮೂರು ತಿಂಗಳಲ್ಲಿ ಪಿಎಸ್‌ಎ 412ರಿಂದ 3ಕ್ಕೆ ಇಳಿಯಿತು, ಸೊಂಟ ನೋವು ಹೋಯಿತು. ಇನ್ನೂ ಮೂರೂವರೆ ವರ್ಷ ಇದ್ದರು, ಕಿರಿಯ ಮಗಳ ನಿಕಾಹ್ ಮಾಡಿದರು. ಏಪ್ರಿಲ್‌ನಲ್ಲೇ ಪರೀಕ್ಷೆ ಬರೆದುಕೊಟ್ಟಿದ್ದರೆ ಇನ್ನೆಷ್ಟು ವರ್ಷ ಇರುತ್ತಿದ್ದರೋ ಅಲ್ಲಾಹನೇ ಬಲ್ಲ. ಅವರ ಜನಾಝಾದಲ್ಲಿ ಅದೇ ತಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು, ಏನೂ ಹೇಳಲಿಲ್ಲ.

ಈಗ 50 ದಾಟಿದ ಗಂಡಸರು ಸೊಂಟ ನೋವೆಂದು ಬಂದರೆ ಮೂತ್ರದ ಬಗ್ಗೆ ಕೇಳುತ್ತೇನೆ, ಮೂತ್ರದ ತೊಂದರೆ ಎಂದು ಬಂದರೆ ಸೊಂಟದ ಬಗ್ಗೆ ಕೇಳುತ್ತೇನೆ. ಫೋನಿನಲ್ಲಿ ಕೇಳಿದವರಿಗೆ ಮೊದಲು ಪರೀಕ್ಷೆ, ಆಮೇಲೆ ಶರ್ಬತ್. ಬಯಾಪ್ಸಿ ವರದಿ, ಪಿಎಸ್‌ಎ ತಾರೀಕುವಾರು ಪಟ್ಟಿ, ಸ್ಕ್ಯಾನ್ ವರದಿ, ಚುಚ್ಚುಮದ್ದಿನ ಹೆಸರು ಮತ್ತು ಮುಂದಿನ ದಿನಾಂಕ, ಇಷ್ಟನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮೊಬೈಲಿನಲ್ಲಿ ಫೋಟೋ ತೆಗೆದು ಮಗನಿಗೂ ಮಗಳಿಗೂ ಕಳಿಸಿಡಿ. ರಸ್ತೆಗಳು ಮತ್ತೆ ಮುಚ್ಚಿದರೆ ಯಾವ ಊರಿನ ಡಾಕ್ಟರಾದರೂ ಅದನ್ನು ನೋಡಿ ದಾರಿ ಹೇಳಬಲ್ಲರು. ಅಸ್ರ್ ನಮಾಝಿನ ನಂತರ ನನ್ನ ದವಾಖಾನೆಗೆ ತಂದರೂ ಓದಿ ಹೇಳುತ್ತೇನೆ, ಅದಕ್ಕೆ ಫೀಸಿಲ್ಲ. ಫೈಲು ಮರೆತು ಬಂದವರಿಗೆ ಚಹಾ ಕುಡಿಸಿ, ತರಲು ಮನೆಗೆ ವಾಪಸ್ ಕಳಿಸುತ್ತೇನೆ.